ವಿ. ಎಸ್. ಗಾಯತೋಂಡೆ

ವಾಸುದೇವ ಸಂತು ಗಾಯತೋಂಡೆ (ನವೆಂಬರ್ 2, 1924 – ಆಗಸ್ಟ್ 10, 2001) ಇಪ್ಪತ್ತನೆಯ ಶತಮಾನದ ಭಾರತದ ಪ್ರಮುಖ ಅಮೂರ್ತ ಚಿತ್ರಕಾರರಲ್ಲಿ ಒಬ್ಬರು. ಮನುಷ್ಯಾಕೃತಿ, ಪ್ರಕೃತಿದೃಶ್ಯ, ಕಥಾಪ್ರಸಂಗ ಇವೆಲ್ಲವನ್ನೂ ಕೈಬಿಟ್ಟು ಬಣ್ಣ, ಬೆಳಕು ಮತ್ತು ಮೇಲ್ಮೈಗಳಿಂದಲೇ ಚಿತ್ರ ರಚಿಸಿದವರು. ಮಿತಭಾಷಿಯೂ ಏಕಾಂತಪ್ರಿಯರೂ ಆಗಿದ್ದ ಇವರು ವರ್ಷಕ್ಕೆ ಐದಾರು ಚಿತ್ರಗಳನ್ನಷ್ಟೇ ಪೂರ್ಣಗೊಳಿಸುತ್ತಿದ್ದರು. ಕಲಾವಿದರ ವಲಯದಲ್ಲಿ ಮೊದಲಿನಿಂದಲೂ ಗೌರವವಿದ್ದರೂ, ಇವರ ಹೆಸರು ಜನಸಾಮಾನ್ಯರ ಕಿವಿಗೆ ಬಿದ್ದುದು ಹೆಚ್ಚಾಗಿ ಮರಣಾನಂತರವೇ.

ಜನನ ಮತ್ತು ಶಿಕ್ಷಣ

ಗಾಯತೋಂಡೆಯವರು ಜನಿಸಿದ್ದು ನಾಗಪುರದಲ್ಲಿ. ತಂದೆ-ತಾಯಿ ಗೋವಾ ಮೂಲದವರು. ಬೆಳೆದದ್ದು ಮುಂಬಯಿಯ ಗಿರಗಾಂವ್ ಪ್ರದೇಶದ ಚಾಳೊಂದರಲ್ಲಿ. ಸರ್ ಜೆ. ಜೆ. ಕಲಾಶಾಲೆಯಲ್ಲಿ ವ್ಯಾಸಂಗ ಮಾಡಿ 1948ರಲ್ಲಿ ಡಿಪ್ಲೊಮಾ ಪಡೆದರು. ಈ ಅವಧಿಯ ರಚನೆಗಳಲ್ಲಿ ಭಾರತೀಯ ಸೂಕ್ಷ್ಮಚಿತ್ರ ಪರಂಪರೆಯ ಚಪ್ಪಟೆಯಾದ ಬಣ್ಣದ ಹರವು ಮತ್ತು ಖಚಿತವಾದ ರೇಖೆಗಳ ಪ್ರಭಾವ ಎದ್ದು ಕಾಣುತ್ತದೆ. ಮುಂದೆ ಆಕೃತಿಗಳನ್ನು ಸಂಪೂರ್ಣವಾಗಿ ತೊರೆದ ಕಲಾವಿದರು ಆರಂಭದಲ್ಲಿ ಆಕೃತಿರಚನೆಯಲ್ಲಿ ಪಳಗಿದವರೇ ಆಗಿದ್ದರು ಎಂಬುದನ್ನು ಇಲ್ಲಿ ಗಮನಿಸಬೇಕು. ಚಿತ್ರ ಬರೆಯಲು ಬಾರದವರು ಅಮೂರ್ತದ ಮೊರೆಹೋಗುತ್ತಾರೆ ಎಂಬ ಸಾಮಾನ್ಯ ಆಕ್ಷೇಪ ಇವರ ವಿಷಯದಲ್ಲಿ ನಿಲ್ಲುವುದಿಲ್ಲ.

ಮುಂಬಯಿಯ ದಿನಗಳು

1947ರಲ್ಲಿ ಎಫ್. ಎನ್. ಸೋಜಾ, ಎಸ್. ಎಚ್. ರಜಾ, ಎಂ. ಎಫ್. ಹುಸೇನ್, ಕೆ. ಎಚ್. ಆರಾ ಮೊದಲಾದವರು ಪ್ರೋಗ್ರೆಸಿವ್ ಆರ್ಟಿಸ್ಟ್ಸ್ ಗ್ರೂಪ್ ಸ್ಥಾಪಿಸಿದ್ದರು. 1950ರಲ್ಲಿ ಗಾಯತೋಂಡೆಯವರು ಅದರ ಸಂಪರ್ಕಕ್ಕೆ ಬಂದರು. ಗುಂಪಿನವರಾದರೂ ಅವರು ಗುಂಪಿನ ಜಾಯಮಾನದವರಲ್ಲ. ಘೋಷಣೆ, ವಾಗ್ವಾದಗಳಲ್ಲಿ ಅವರಿಗೆ ಆಸಕ್ತಿ ಇರಲಿಲ್ಲ. ಸ್ವಿಸ್-ಜರ್ಮನ್ ಕಲಾವಿದ ಪಾಲ್ ಕ್ಲೀ ಅವರ ಕೃತಿಗಳು ಈ ಕಾಲದಲ್ಲಿ ಇವರನ್ನು ಬಹುವಾಗಿ ಸೆಳೆದವು. ಕ್ಲೀ ಚಿತ್ರಗಳಲ್ಲಿನ ರೇಖೆ ವಸ್ತುವಿನ ಹಂಗಿನಿಂದ ಬಿಡಿಸಿಕೊಂಡು ತಾನೇ ಆಡತೊಡಗುವ ರೀತಿ ಇವರಿಗೆ ಹೊಸ ದಾರಿ ತೋರಿಸಿತು.

ವಾರ್ಡನ್ ರಸ್ತೆಯ ಭೂಲಾಭಾಯಿ ದೇಸಾಯಿ ಸ್ಮಾರಕ ಸಂಸ್ಥೆಯಲ್ಲಿ ಇವರು ಕೆಲಕಾಲ ಚಿತ್ರಶಾಲೆ ಹೊಂದಿದ್ದರು. ಚಿತ್ರಕಾರರು, ಸಂಗೀತಗಾರರು, ರಂಗಕರ್ಮಿಗಳು ಒಂದೇ ಸೂರಿನಡಿ ಕೆಲಸ ಮಾಡುತ್ತಿದ್ದ ಆ ತಾಣ ಸ್ವಾತಂತ್ರ್ಯೋತ್ತರ ಮುಂಬಯಿಯ ಸಾಂಸ್ಕೃತಿಕ ಬದುಕಿನಲ್ಲಿ ವಿಶೇಷವಾದದ್ದು. ಕಿರಿಯ ಕಲಾವಿದೆ ನಸ್ರೀನ್ ಮೊಹಮದಿ ಅವರಿಗೆ ಗಾಯತೋಂಡೆಯವರು ಮಾರ್ಗದರ್ಶಕರಾದದ್ದೂ ಈ ಪರಿಸರದಲ್ಲೇ. 1957ರಲ್ಲಿ ಟೋಕಿಯೋದಲ್ಲಿ ನಡೆದ ಏಷ್ಯಾದ ಯುವ ಕಲಾವಿದರ ಪ್ರದರ್ಶನದಲ್ಲಿ ಇವರಿಗೆ ಬಹುಮಾನ ದೊರೆಯಿತು. ಆ ದಶಕ ಮುಗಿಯುವ ಹೊತ್ತಿಗೆ ಇವರ ಕ್ಯಾನ್ವಾಸಿನಿಂದ ಆಕೃತಿಗಳು ಮರೆಯಾಗಿದ್ದವು.

ನ್ಯೂಯಾರ್ಕ್

ಅಮೆರಿಕದ ಚಿತ್ರಕಾರ ಮೋರಿಸ್ ಗ್ರೇವ್ಸ್ ಭಾರತಕ್ಕೆ ಬಂದಿದ್ದಾಗ ಗಾಯತೋಂಡೆಯವರ ಕೃತಿಗಳನ್ನು ನೋಡಿ ಮೆಚ್ಚಿ, ನ್ಯೂಯಾರ್ಕಿನ ಗ್ಯಾಲರಿಯೊಂದಕ್ಕೆ ಅವುಗಳ ಬಗ್ಗೆ ಬರೆದರು. 1964ರಲ್ಲಿ ರಾಕ್‌ಫೆಲ್ಲರ್ ಫೆಲೋಶಿಪ್ ಪಡೆದು ಗಾಯತೋಂಡೆಯವರು ಆ ನಗರಕ್ಕೆ ತೆರಳಿದರು. ಮಾರ್ಕ್ ರಾಥ್ಕೋ ಮೊದಲಾದ ಅಮೆರಿಕದ ಅಮೂರ್ತ ಚಿತ್ರಕಾರರ ಬೃಹತ್ ಕೃತಿಗಳನ್ನು ಪ್ರತ್ಯಕ್ಷ ಕಾಣುವ ಅವಕಾಶ ಅಲ್ಲಿ ಒದಗಿತು. ರಾಥ್ಕೋ ಜೊತೆ ಇವರನ್ನು ಹೋಲಿಸುವ ರೂಢಿ ಅಂದಿನಿಂದ ಬೆಳೆದಿದೆ. ಆದರೆ ಇವರು ಅಮೂರ್ತದ ಕಡೆಗೆ ತಿರುಗಿದ್ದು ಅಮೆರಿಕಕ್ಕೆ ಹೋಗುವ ಹಲವು ವರ್ಷಗಳ ಮೊದಲೇ. ಆದ್ದರಿಂದ ಇವರನ್ನು ಅಮೆರಿಕನ್ ಕಲೆಯ ಅನುಯಾಯಿ ಎನ್ನುವುದು ಸರಿಯಲ್ಲ.

ಚಿತ್ರರಚನೆಯ ವಿಧಾನ

ತಮ್ಮ ಚಿತ್ರಗಳನ್ನು 'ಅಮೂರ್ತ' ಎನ್ನುವುದು ಗಾಯತೋಂಡೆಯವರಿಗೆ ಒಪ್ಪಿಗೆಯಿರಲಿಲ್ಲ. 'ವಸ್ತುರಹಿತ' ಎಂಬ ಅರ್ಥದ ಪದವನ್ನು ಅವರು ಬಳಸುತ್ತಿದ್ದರು. ಇದು ಬರಿಯ ಪದಗಳ ಜಗಳವಲ್ಲ. ಮರವನ್ನೋ ಮುಖವನ್ನೋ ಎದುರಿಗಿಟ್ಟುಕೊಂಡು ಅದನ್ನು ಸರಳಗೊಳಿಸುತ್ತ, ಗುರುತು ಸಿಗದಂತೆ ಮಾಡುತ್ತ ಹೋದರೆ ಅಮೂರ್ತಚಿತ್ರ ದೊರೆಯುತ್ತದೆ. ಅಲ್ಲಿ ಮೂಲವಸ್ತು ಎಲ್ಲೋ ಹಿಂದೆ ಇದ್ದೇ ಇರುತ್ತದೆ. ವಸ್ತುರಹಿತ ಚಿತ್ರಕ್ಕೆ ಅಂಥ ಮೂಲವೇ ಇಲ್ಲ. ಇವರ ಹೆಚ್ಚಿನ ಕೃತಿಗಳಿಗೆ ಶೀರ್ಷಿಕೆಯೂ ಇಲ್ಲದಿರುವುದು ಇದೇ ಕಾರಣಕ್ಕೆ ಎನ್ನಬಹುದು. ಹೆಸರು ಕೊಟ್ಟರೆ ನೋಡುಗ ಆ ಹೆಸರಿನ ವಸ್ತುವನ್ನು ಚಿತ್ರದಲ್ಲಿ ಹುಡುಕತೊಡಗುತ್ತಾನೆ.

ಕುಂಚಕ್ಕಿಂತ ಹೆಚ್ಚಾಗಿ ರೋಲರ್ ಮತ್ತು ಪ್ಯಾಲೆಟ್ ಚಾಕು ಇವರ ಸಾಧನಗಳಾಗಿದ್ದವು. ತೈಲವರ್ಣವನ್ನು ತೆಳುವಾಗಿ ಹರಡಿ, ಅದರ ಮೇಲೆ ಇನ್ನೊಂದು ಪದರ ಹಚ್ಚಿ, ಅಲ್ಲಲ್ಲಿ ಕೆರೆದು ತೆಗೆದು ಕೆಳಗಿನ ಬಣ್ಣ ಮೇಲೆ ಇಣುಕುವಂತೆ ಮಾಡುತ್ತಿದ್ದರು. ಕತ್ತರಿಸಿದ ಕಾಗದದ ತುಂಡುಗಳನ್ನು ಬಣ್ಣಕ್ಕೆ ಒತ್ತಿ ಎತ್ತುವ ಮೂಲಕ, ಯಾವುದೋ ಅಪರಿಚಿತ ಲಿಪಿಯ ಅಕ್ಷರಗಳಂತೆ ತೋರುವ ಗುರುತುಗಳನ್ನು ಮೂಡಿಸುತ್ತಿದ್ದರು. ಹೀಗೆ ಸಿದ್ಧವಾದ ಚಿತ್ರದಲ್ಲಿ ಬೆಳಕು ಹೊರಗಿನಿಂದ ಬೀಳದೆ ಒಳಗಿನಿಂದಲೇ ಹೊಮ್ಮುತ್ತಿರುವಂತೆ ಭಾಸವಾಗುತ್ತದೆ. ಪುಸ್ತಕದಲ್ಲಿ ಅಚ್ಚಾದ ಪ್ರತಿಯಲ್ಲಿ ಈ ಗುಣದ ಬಹುಭಾಗ ಕಳೆದುಹೋಗುತ್ತದೆ. ಮೂಲಕೃತಿಯನ್ನು ನೋಡಿದಾಗಲೇ ಅದರ ಪದರಗಳು ತಿಳಿಯುವುದು.

ಚಿತ್ರ ಬಿಡಿಸಲು ತೊಡಗುವ ಮುನ್ನ ಬಹುಕಾಲ ಸುಮ್ಮನೆ ಕುಳಿತು ಕಾಯುವುದು ಇವರ ರೂಢಿ. ಜೆನ್ ಬೌದ್ಧಮತ, ರಮಣ ಮಹರ್ಷಿ, ಜಿಡ್ಡು ಕೃಷ್ಣಮೂರ್ತಿ ಮತ್ತು ನಿಸರ್ಗದತ್ತ ಮಹಾರಾಜ್ ಅವರ ವಿಚಾರಗಳಲ್ಲಿ ಇವರಿಗೆ ಆಳವಾದ ಆಸಕ್ತಿಯಿತ್ತು. ಆದರೂ ಕ್ಯಾನ್ವಾಸಿನ ಮೇಲೆ ಧಾರ್ಮಿಕ ಸಂಕೇತಗಳನ್ನು ತರಲಿಲ್ಲ. ಅಮೂರ್ತದಲ್ಲೇ ಬಿಂದುವನ್ನು ಕೇಂದ್ರವಾಗಿರಿಸಿಕೊಂಡ ರಜಾ ಅವರಿಗೂ ಇವರಿಗೂ ಇರುವ ಮುಖ್ಯ ವ್ಯತ್ಯಾಸ ಇದು.

ದೆಹಲಿ, ಅಪಘಾತ ಮತ್ತು ಕೊನೆಯ ವರ್ಷಗಳು

1971ರಲ್ಲಿ ಭಾರತ ಸರ್ಕಾರ ಇವರಿಗೆ ಪದ್ಮಶ್ರೀ ನೀಡಿ ಗೌರವಿಸಿತು. ಮುಂದಿನ ವರ್ಷ ದೆಹಲಿಗೆ ತೆರಳಿ, ನಿಜಾಮುದ್ದೀನ್ ಪೂರ್ವ ಬಡಾವಣೆಯಲ್ಲಿ ಮನೆಯೊಂದರ ತಾರಸಿಯ ಮೇಲಿನ ಪುಟ್ಟ ವಸತಿಯಲ್ಲಿ ಒಬ್ಬರೇ ನೆಲೆಸಿದರು. ಪುಸ್ತಕ, ಸಂಗೀತ, ಸಿನಿಮಾ ಬಿಟ್ಟರೆ ಬೇರೆ ಹವ್ಯಾಸಗಳಿರಲಿಲ್ಲ.

1984ರಲ್ಲಿ ಸಂಭವಿಸಿದ ರಸ್ತೆ ಅಪಘಾತದಲ್ಲಿ ಇವರಿಗೆ ತೀವ್ರ ಪೆಟ್ಟಾಯಿತು. ಎತ್ತರದ ಕ್ಯಾನ್ವಾಸಿನ ಎದುರು ನಿಂತು ರೋಲರ್ ಎಳೆಯುವುದು ದೇಹಶ್ರಮದ ಕೆಲಸ. ಅದು ಹಲವು ವರ್ಷ ಅವರಿಗೆ ಅಸಾಧ್ಯವಾಯಿತು. ಆ ಕಾಲದಲ್ಲಿ ಕಾಗದದ ಮೇಲೆ ಶಾಯಿಯಲ್ಲಿ ಸಣ್ಣ ರೇಖಾಚಿತ್ರಗಳನ್ನು ಬರೆದರು. ಗಾತ್ರದಲ್ಲಿ ಕಿರಿದಾದ ಇವುಗಳಿಗೆ ಬಹುಕಾಲ ತಕ್ಕಷ್ಟು ಗಮನ ದೊರೆಯಲಿಲ್ಲ. ಮುಂದೆ ಮತ್ತೆ ಕ್ಯಾನ್ವಾಸಿಗೆ ಮರಳಿದರಾದರೂ 1990ರ ದಶಕದ ಕೊನೆಗೆ ಚಿತ್ರರಚನೆ ನಿಂತಿತು. ಮಧ್ಯಪ್ರದೇಶ ಸರ್ಕಾರದ ಕಾಳಿದಾಸ ಸಮ್ಮಾನವೂ ಇವರಿಗೆ ಸಂದಿದೆ. 2001ರಲ್ಲಿ ನಿಧನರಾದರು.

ಮರಣಾನಂತರ

2013ರ ಡಿಸೆಂಬರ್‌ನಲ್ಲಿ ಕ್ರಿಸ್ಟೀಸ್ ಸಂಸ್ಥೆ ಮುಂಬಯಿಯಲ್ಲಿ ನಡೆಸಿದ ಹರಾಜಿನಲ್ಲಿ, 1979ರಲ್ಲಿ ರಚಿತವಾದ ಇವರ ಚಿತ್ರವೊಂದು 23.7 ಕೋಟಿ ರೂಪಾಯಿಗೆ ಮಾರಾಟವಾಯಿತು. 2021ರಲ್ಲಿ 1961ರ ಚಿತ್ರಕ್ಕೆ ಸುಮಾರು 40 ಕೋಟಿ, 2025ರಲ್ಲಿ 1970ರ ಚಿತ್ರಕ್ಕೆ 67 ಕೋಟಿ ರೂಪಾಯಿ ಬಂದಿತು. ಕೃತಿಗಳ ಸಂಖ್ಯೆ ಕಡಿಮೆಯಿರುವುದೂ ಈ ಬೆಲೆಗೆ ಒಂದು ಕಾರಣ. ಬದುಕಿನುದ್ದಕ್ಕೂ ಸರಳವಾಗಿದ್ದ ಕಲಾವಿದರ ಬಗೆಗಿನ ಪತ್ರಿಕಾ ಬರಹಗಳು ಇಂದು ಹೆಚ್ಚಾಗಿ ಈ ಅಂಕಿಗಳಿಂದಲೇ ಆರಂಭವಾಗುತ್ತವೆ.

ಇದಕ್ಕಿಂತ ಮಹತ್ವದ್ದು ನ್ಯೂಯಾರ್ಕಿನ ಗುಗೆನ್‌ಹೈಮ್ ವಸ್ತುಸಂಗ್ರಹಾಲಯ 2014-15ರಲ್ಲಿ ಏರ್ಪಡಿಸಿದ ಇವರ ಸಮಗ್ರ ಕೃತಿಗಳ ಪ್ರದರ್ಶನ. ಸಂಧಿನಿ ಪೊದ್ದಾರ್ ಇದನ್ನು ರೂಪಿಸಿದ್ದರು. ನಂತರ ಅದು ವೆನಿಸ್ ನಗರದ ಪೆಗ್ಗಿ ಗುಗೆನ್‌ಹೈಮ್ ಸಂಗ್ರಹಾಲಯಕ್ಕೂ ಹೋಯಿತು. ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ, ದೆಹಲಿಯ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಮತ್ತು ಹೋಮಿ ಭಾಭಾ ಅವರ ಕಲಾಸಕ್ತಿಯಿಂದ ಬೆಳೆದ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಸಂಗ್ರಹಗಳಲ್ಲಿ ಇವರ ಕೃತಿಗಳಿವೆ. ಕಲಾವಿದರು ಜೀವಂತವಿದ್ದಾಗಲೇ ಸುನೀಲ್ ಕಾಲ್ದಾತೆ ಇವರ ಕುರಿತು ಸಾಕ್ಷ್ಯಚಿತ್ರವೊಂದನ್ನು ನಿರ್ಮಿಸಿದ್ದು, ಮಾತಿಗೆ ಒಲ್ಲದ ಗಾಯತೋಂಡೆಯವರು ತಮ್ಮ ಕೆಲಸದ ಬಗ್ಗೆ ಮಾತನಾಡಿರುವ ಅಪರೂಪದ ದಾಖಲೆ ಅದಾಗಿದೆ.