7 ಮಂದಿ, 64 ಮಗ್ಗ: ಅಹಮದಾಬಾದಿನಲ್ಲಿ ಒಂದು ಸಲಹೆ ನಡೆದ ಬಗೆ

ಅಹಮದಾಬಾದಿನ ಕ್ಯಾಲಿಕೊ ಮಿಲ್ಸ್ 1952ರಲ್ಲಿ ತನ್ನ ಜ್ಯುಬಿಲಿ ಗಿರಣಿಯಲ್ಲಿ ಸ್ವಯಂಚಾಲಿತ ಮಗ್ಗಗಳನ್ನು ಹೂಡಿತು. ಯಂತ್ರಗಳು ಹೊಸವು. ಯಾರು ಎಷ್ಟು ಮಗ್ಗ ನೋಡಬೇಕೆಂಬುದನ್ನು ಕೆಲಸ ಅಳೆದು ಗೊತ್ತುಮಾಡಲಾಗಿತ್ತು. ಹಾಗಿದ್ದರೂ ಉತ್ಪಾದನೆ ನಿರೀಕ್ಷೆಯ ಮಟ್ಟ ಮುಟ್ಟಲಿಲ್ಲ, ಬಟ್ಟೆಯಲ್ಲಿ ದೋಷ ತಗ್ಗಲಿಲ್ಲ. ಮರುವರ್ಷ ಲಂಡನ್ನಿನ ಟ್ಯಾವಿಸ್ಟಾಕ್ ಸಂಸ್ಥೆಯ ಎ. ಕೆ. ರೈಸ್ ಅಲ್ಲಿಗೆ ಸಲಹೆಗಾರರಾಗಿ ಬಂದರು. ಆಮೇಲೆ ನಡೆದದ್ದು ಆಡಳಿತಶಾಸ್ತ್ರದ ಪಠ್ಯಗಳಲ್ಲಿ ‘ಅಹಮದಾಬಾದ್ ಪ್ರಯೋಗ’ ಎಂದು ಹೆಸರಾಗಿದೆ. ಆ ಪಠ್ಯಗಳು ಇದನ್ನು ಬಹುಮಟ್ಟಿಗೆ ರೈಸ್ ಅವರ ಸಾಧನೆಯೆಂದೇ ಹೇಳುತ್ತವೆ. ಅದೇ ದಾಖಲೆಗಳನ್ನು ಗಮನವಿಟ್ಟು ಓದಿದರೆ, ಯೋಜನೆ ಮಾಡಿದವರು ನೇಕಾರರು ಎಂಬುದು ಕಾಣುತ್ತದೆ. ಈ ವ್ಯತ್ಯಾಸ ಸಣ್ಣದಲ್ಲ.

ಮೊದಲು ಶೆಡ್ಡಿನ ಒಳಗನ್ನು ನೋಡಬೇಕು. 224 ಮಗ್ಗಗಳಿಗೆ 29 ಕೆಲಸಗಾರರು; ಅವರ ನಡುವೆ 12 ಬಗೆಯ ಕೆಲಸಗಳು. ನೇಕಾರನೊಬ್ಬ 24 ಇಲ್ಲವೇ 32 ಮಗ್ಗ ನೋಡುತ್ತಿದ್ದ. ಹೊಕ್ಕಿನ ಕಂಡಿಕೆಗಳನ್ನು ತುಂಬುವವನ ಪಾಲಿಗೆ 40ರಿಂದ 50 ಮಗ್ಗ. ಹಾಸಿನ ಎಳೆಗಳು ಒಟ್ಟಿಗೆ ಕಡಿದಾಗ ಜೋಡಿಸಿ ಸರಿಪಡಿಸುವವನ ಪಾಲಿಗೆ ಸುಮಾರು 75. ಇವರಲ್ಲದೆ ಮಗ್ಗಗಳನ್ನು ಸುಸ್ಥಿತಿಯಲ್ಲಿಡುವ ಜಾಬರುಗಳು, ಎಣ್ಣೆ ಹಾಕುವವರು, ಬಟ್ಟೆ ಸಾಗಿಸುವವರು, ಕಸ ಗುಡಿಸುವವರು. ಲೆಕ್ಕ ಹಾಕಿದರೆ 8 ನೇಕಾರರಿಗೆ 5 ಮಂದಿ ಕಂಡಿಕೆ ತುಂಬುವವರು, 3 ಮಂದಿ ಎಳೆ ಜೋಡಿಸುವವರು. ಅಂದರೆ ಒಬ್ಬ ನೇಕಾರನಿಗೆ ದಕ್ಕುತ್ತಿದ್ದುದು ಒಬ್ಬನ ಎಂಟರಲ್ಲಿ ಐದು ಪಾಲು, ಇನ್ನೊಬ್ಬನ ಎಂಟರಲ್ಲಿ ಮೂರು ಪಾಲು. ಪ್ರತಿಯೊಬ್ಬನ ಕೆಲಸದ ಹೊರೆಯನ್ನೂ ಬಿಡಿಬಿಡಿಯಾಗಿ ಅಳೆದದ್ದು ಸರಿಯಾಗಿಯೇ ಇತ್ತು. ಆದರೆ ಮಗ್ಗ ನಿಂತಾಗ ಯಾರು ಯಾರನ್ನು ಕರೆಯಬೇಕು, ಮೂವರು ಏಕಕಾಲಕ್ಕೆ ಕರೆದರೆ ಅವನು ಮೊದಲು ಎಲ್ಲಿಗೆ ಓಡಬೇಕು, ಹಾಳಾದ ಬಟ್ಟೆಗೆ ಹೊಣೆ ಯಾರು ಎಂಬುದಕ್ಕೆ ಆ ಲೆಕ್ಕದಲ್ಲಿ ಉತ್ತರವಿರಲಿಲ್ಲ. ಒಂದೇ ಮಗ್ಗವನ್ನು ನಂಬಿದ್ದವರು ಒಂದು ತಂಡವಾಗಿರಲಿಲ್ಲ. ಮಾತುಕತೆಯ ಕೊರತೆಯೆಂದು ಹೊರಗಿನವರು ಹೆಸರಿಡಬಹುದಾಗಿದ್ದ ಈ ತೊಡಕು ಕೆಲಸವನ್ನು ಹಂಚಿದ ರೀತಿಯಲ್ಲೇ ಅಡಗಿತ್ತು.

ರೈಸ್ ಇದನ್ನು ಗುರುತಿಸಲು ಅವರ ಸಂಸ್ಥೆಯ ಹಿಂದಿನ ಅನುಭವ ನೆರವಾಗಿತ್ತು. ಎರಿಕ್ ಟ್ರಿಸ್ಟ್ ಮತ್ತು ಗಣಿ ಕಾರ್ಮಿಕನಾಗಿ ದುಡಿದಿದ್ದ ಕೆನ್ ಬ್ಯಾಮ್‌ಫರ್ತ್ 1951ರಲ್ಲಿ ಬ್ರಿಟನ್ನಿನ ಕಲ್ಲಿದ್ದಲ ಗಣಿಗಳ ಬಗ್ಗೆ ಪ್ರಕಟಿಸಿದ ಅಧ್ಯಯನ, ಯಂತ್ರ ಬಂದು ಗಣಿಯ ಸಣ್ಣ ಗುಂಪುಗಳು ಚದುರಿದಾಗ ಏನೇನು ಕೆಡುತ್ತದೆ ಎಂಬುದನ್ನು ತೋರಿಸಿತ್ತು.

ಆದ್ದರಿಂದ ಅಹಮದಾಬಾದಿನಲ್ಲಿ ರೈಸ್ ಮುಂದಿಟ್ಟ ವಿಚಾರ ಚಿಕ್ಕದು: ಒಂದು ಗುಂಪಿನ ಮಗ್ಗಗಳಿಗೆ ಒಂದು ಗುಂಪಿನ ಕೆಲಸಗಾರರು ಹೊಣೆಯಾದರೆ ಹೇಗೆ? ಈ ಮಾತು ಶೆಡ್ಡಿಗೆ ಮುಟ್ಟಿತು. ಕೆಲಸಗಾರರು ಮರುದಿನವೇ ತಮ್ಮದೊಂದು ಯೋಜನೆ ಮಾಡಿಕೊಂಡು ಬಂದು, ಅದನ್ನು ಜಾರಿಗೆ ತರಲು ಆಡಳಿತದ ಒಪ್ಪಿಗೆ ಕೇಳಿದರು. 64 ಮಗ್ಗಗಳಿಗೆ 7 ಮಂದಿಯ ತಂಡ, ಕೆಲಸದ ದರ್ಜೆಗಳು ಕಡಿಮೆ, ಹೊಣೆ ಇಡೀ ತಂಡದ್ದು. ವೇತನದ ಬಗ್ಗೆ ಮಾತುಕತೆಯಾಗಿ ಪ್ರಯೋಗ ಶುರುವಾಯಿತು.

ಒಂದೇ ದಿನದಲ್ಲಿ ಇದು ಹೇಗೆ ಸಾಧ್ಯವಾಯಿತು? ನನ್ನ ಊಹೆಯಲ್ಲಿ ಉತ್ತರ ಊರಿನ ಚರಿತ್ರೆಯಲ್ಲಿದೆ. 1918ರ ಗಿರಣಿ ಮುಷ್ಕರದಲ್ಲಿ ಗಾಂಧೀಜಿ ಕಾರ್ಮಿಕರ ಪರ ಉಪವಾಸ ಕೂತದ್ದು, ಮಾಲೀಕರ ಮುಂಚೂಣಿಯಲ್ಲಿ ಅಂಬಾಲಾಲ್ ಸಾರಾಭಾಯಿ, ಕಾರ್ಮಿಕರ ಜೊತೆಗೆ ಅವರದೇ ಅಕ್ಕ ಅನಸೂಯಾ ನಿಂತದ್ದು, ಜಗಳ ಕೊನೆಗೆ ಪಂಚಾಯ್ತಿಗೆ ಬಂದದ್ದು, 1920ರಲ್ಲಿ ಮಜೂರ್ ಮಹಾಜನ ಸಂಘ ಹುಟ್ಟಿದ್ದು ಆ ಊರಿನ ನೆನಪಿನಲ್ಲಿತ್ತು. ಎದುರುಬದುರು ಕೂತು ವಿಷಯ ಇತ್ಯರ್ಥ ಮಾಡಿಕೊಳ್ಳುವ ರೂಢಿ ಅಲ್ಲಿನ ಕಾರ್ಮಿಕರಿಗೆ ಹೊಸದಲ್ಲ. ಪ್ರಯೋಗದ ಕಾಲಕ್ಕೆ ಕಂಪನಿಯ ಚುಕ್ಕಾಣಿ ಹಿಡಿದಿದ್ದವರು ಅಂಬಾಲಾಲರ ಮಗ ಗೌತಮ್ ಸಾರಾಭಾಯಿ. ಅವರ ತಮ್ಮ ವಿಕ್ರಮ್ ಸ್ಥಾಪನೆಗೆ ದುಡಿದ ಅತೀರಾ ಎಂಬ ಜವಳಿ ಸಂಶೋಧನಾ ಸಂಸ್ಥೆಯಲ್ಲಿ ಕಮಲಾ ಚೌಧರಿ ಅದೇ ದಶಕದಲ್ಲಿ ಗಿರಣಿಗಳ ಮಾನವ ಸಂಬಂಧಗಳನ್ನು ಅಧ್ಯಯನ ಮಾಡುತ್ತಿದ್ದರು. ಸಲಹೆಗಾರರ ಮಾತು ಬಿದ್ದದ್ದು ಹದವಾದ ನೆಲದ ಮೇಲೆ.

ಫಲಿತಾಂಶದ ಅಂಕಿಗಳು ಪ್ರಸಿದ್ಧ. ಸುಮಾರು ಶೇಕಡಾ 80 ಇದ್ದ ದಕ್ಷತೆ ಏರಿಳಿತಗಳ ಬಳಿಕ ಸುಮಾರು 95ಕ್ಕೆ ಬಂತು; ದೋಷದ ಪ್ರಮಾಣ 32ರಿಂದ 20ರ ಆಸುಪಾಸಿಗೆ ಇಳಿಯಿತು. ಇದನ್ನು ತಂಡದ ಗೆಲುವೆಂದು ಮಾತ್ರ ಓದಿದವರಿಗೆ ಮುಂದಿನ ವಿಮರ್ಶಕರು ನ್ಯಾಯವಾದ ಪ್ರಶ್ನೆ ಹಾಕಿದರು: ವೇತನವೂ ಬದಲಾಯಿತಲ್ಲ, ಹೆಚ್ಚಳದಲ್ಲಿ ಅದರ ಪಾಲೆಷ್ಟು? ಎರಡನ್ನೂ ಒಟ್ಟಿಗೆ ಬದಲಿಸಿದ ಪ್ರಯೋಗದಿಂದ ಇದಕ್ಕೆ ಖಚಿತ ಉತ್ತರ ಸಿಗದು. ಆದರೆ ಕೂಲಿಯ ಮಾತುಕತೆಯನ್ನು ಹೊರಗಿಟ್ಟು ತಂಡ ಕಟ್ಟಿ ಎಂದು ಹೇಳುವ ಸಲಹೆಗಾರರು ಅಹಮದಾಬಾದನ್ನು ಸಾಕ್ಷಿಗೆ ಕರೆಯುವಂತಿಲ್ಲ ಎಂಬುದಂತೂ ಖಚಿತ.

ರೈಸ್ ತಮ್ಮ ಪುಸ್ತಕವನ್ನು 1958ರಲ್ಲಿ ಪ್ರಕಟಿಸಿ 1969ರಲ್ಲಿ ತೀರಿಕೊಂಡರು. ಮರುವರ್ಷ ಅವರ ಸಹೋದ್ಯೋಗಿ ಎರಿಕ್ ಮಿಲ್ಲರ್ ತಂಡದ ಪದ್ಧತಿ ಹಬ್ಬಿದ್ದ ಶೆಡ್ಡುಗಳನ್ನು ಮತ್ತೆ ಪರಿಶೀಲಿಸಿದರು. ಸಲಹೆ ಕೊಟ್ಟವರ ಕಡೆಯವರೇ ಇಷ್ಟು ವರ್ಷಗಳ ನಂತರ ತಿರುಗಿ ನೋಡಿ, ಕಂಡದ್ದನ್ನು 1975ರಲ್ಲಿ ಮುಚ್ಚುಮರೆಯಿಲ್ಲದೆ ಬರೆದದ್ದು ಈ ವೃತ್ತಿಯಲ್ಲಿ ಅಪರೂಪ. ಆ ಲೇಖನಕ್ಕೆ ಇನ್ನೂ ಹೆಚ್ಚು ಓದುಗರು ಸಿಗಬೇಕಿತ್ತು. ಒಂದು ಶೆಡ್ಡಿನಲ್ಲಿ ತಂಡದ ಪದ್ಧತಿ ಹೆಚ್ಚುಕಡಿಮೆ ಮೊದಲಿನಂತೆಯೇ ಉಳಿದಿತ್ತು. ಉಳಿದೆಡೆ ಬೇರೆ ಬೇರೆ ಪ್ರಮಾಣದಲ್ಲಿ ಸಡಿಲಗೊಂಡಿತ್ತು. ಕೆಲಸದ ಪರಿಸ್ಥಿತಿ ಸ್ಥಿರವಾಗಿದ್ದ ಕಡೆ ತಂಡ ಬಾಳಿತು. ಮಾರುಕಟ್ಟೆಯ ಒತ್ತಡ ಹೆಚ್ಚಿದ ಕಡೆ ಮೇಲ್ವಿಚಾರಕರು ತಂಡದ ಒಳಗಿನ ಕೆಲಸಕ್ಕೇ ಕೈಹಾಕತೊಡಗಿದರು. ತಂಡಕ್ಕೆ ಹೊರಗಿನಿಂದ ಬೇಕಾದದ್ದನ್ನು ಒದಗಿಸಿ ಅದರ ಸುತ್ತಲಿನ ಗಡಿ ಕಾಯುವ ಅವರ ನಿಜವಾದ ಕೆಲಸ ಹಿಂದೆ ಬಿತ್ತು.