ನಿಮ್ ಫೋನ್ ಯಾವ್ದು? ಸ್ಮಾರ್ಟ್‌ವಾಚ್‌ಗೆ ಬೀಗ ಬಿದ್ದ ಕಥೆ

1/6
ಈ ವಾರದ ಸೀರೀಸ್ ಶುರುವಾಗಿದ್ದು ನಮ್ಮನೆಗೆ ಬಂದ ಒಂದು ಡಬ್ಬದಿಂದ. ದೊಡ್ಡಪ್ಪನ ಮಗ, ನಮ್ಮಣ್ಣ, ಹೊಸ ಸ್ಮಾರ್ಟ್‌ವಾಚ್ ತಗೊಂಡು ಹಳೇದನ್ನ ನನಗೆ ಕೊಟ್ಟ. ಒಂದು ಗೀರೂ ಇಲ್ಲ. ಚಾರ್ಜ್ ಹಾಕ್ದೆ, ಕೈಗೆ ಕಟ್ಕೊಂಡೆ, ಆನ್ ಮಾಡ್ದೆ. ಪೇರ್ ಆಗ್ಲೇ ಇಲ್ಲ. ಅಂಗಡಿಗೆ ತಗೊಂಡು ಹೋದ್ರೆ ಅಲ್ಲಿದ್ದೋರು ವಾಚ್ ಮುಟ್ಟೋಕೂ ಮುಂಚೆ "ನಿಮ್ ಫೋನ್ ಯಾವ್ದು?" ಅಂದ್ರು. ಹೇಳ್ದೆ. "ಹಂಗಾದ್ರೆ ಆಗಲ್ಲ ಬಿಡಿ."

ಅಂದ್ರೆ ಪುಕ್ಕಟೆ ಸಿಕ್ಕ ವಾಚ್ ಕಟ್ಕೊಳ್ಳೋಕೆ ನಾನು ಫೋನ್ ಬದಲಾಯಿಸ್ಬೇಕು. ಮೂಗಿಗಿಂತ ಮೂಗುತಿ ಭಾರ ಅಂತಾರಲ್ಲ, ಇಲ್ಲಿ ಮೂಗುತಿಗೋಸ್ಕರ ಮೂಗನ್ನೇ ಹೊಸದಾಗಿ ತಗೋ ಅಂತಿದ್ದಾರೆ! ಅದು ಯಾವ ಕಂಪನಿದು ಅನ್ನೋದು ಬೇಡ. ಮೊದಲಿಂದಲೂ ಹೀಗೇ ಇತ್ತಾ ಅಂತ ಹುಡುಕ್ತಾ ಹೋದೆ. ಇರಲಿಲ್ಲ.

2/6
ಕೆನಡಾದ ಎರಿಕ್ ಮಿಗಿಕೋವ್‌ಸ್ಕಿ ಅನ್ನೋ ಎಂಜಿನಿಯರ್ ಮೊದಲು ಮಾಡಿದ್ದು ಇನ್‌ಪಲ್ಸ್ ಅನ್ನೋ ವಾಚ್. ಅದು ಬ್ಲ್ಯಾಕ್‌ಬೆರಿ ಫೋನ್‌ಗೆ ಅಂತಲೇ ಮಾಡಿದ್ದು. ಅದು ಹೆಚ್ಚು ಮಾರಾಟ ಆಗಲಿಲ್ಲ. ಮುಂದೆ ಬ್ಲ್ಯಾಕ್‌ಬೆರಿ ಕಥೆ ಏನಾಯ್ತು ಅಂತ ನಿಮಗೂ ಗೊತ್ತು.

ಎರಡನೇ ಸಲ ಅವರು ಆ ದಾರಿ ಬಿಟ್ರು. 2012ರ ಏಪ್ರಿಲ್‌ನಲ್ಲಿ ಕಿಕ್‌ಸ್ಟಾರ್ಟರ್‌ನಲ್ಲಿ 'ಪೆಬಲ್' ವಾಚ್ ಇಟ್ರು. ಕಿಕ್‌ಸ್ಟಾರ್ಟರ್ ಅಂದ್ರೆ ವಸ್ತು ತಯಾರಾಗೋಕೆ ಮುಂಚೆಯೇ ಜನ ದುಡ್ಡು ಹಾಕೋ ಜಾಗ. ಕೇಳಿದ್ದು 1 ಲಕ್ಷ ಡಾಲರ್. ಬಂದಿದ್ದು 1 ಕೋಟಿ ಡಾಲರ್‌ಗೂ ಹೆಚ್ಚು, ಕೊಟ್ಟವರು 68,929 ಜನ. ಆ ವಾಚ್ ಐಫೋನ್ ಜೊತೆಗೂ ನಡೀತಿತ್ತು, ಆಂಡ್ರಾಯ್ಡ್ ಜೊತೆಗೂ ನಡೀತಿತ್ತು. ಸ್ಮಾರ್ಟ್‌ವಾಚ್‌ಗೆ ಮಾರ್ಕೆಟ್ ಇದೆ ಅಂತ ದೊಡ್ಡ ಕಂಪನಿಗಳಿಗೆ ತೋರಿಸಿಕೊಟ್ಟ ವಾಚ್‌ಗೆ ಯಾವ ಬೀಗವೂ ಇರಲಿಲ್ಲ ಅನ್ನೋದು ನೆನಪಿರಲಿ.

3/6
ಈಗ ಸ್ವಲ್ಪ ಟೆಕ್ನಿಕಲ್, ಸ್ಕಿಪ್ ಮಾಡ್ಬೇಡಿ. ವಾಚ್ ಮತ್ತು ಫೋನ್ ಮಾತಾಡೋದು ಬ್ಲೂಟೂತ್ ಮೂಲಕ. ಬ್ಲೂಟೂತ್ ಯಾವ ಒಂದು ಬ್ರ್ಯಾಂಡಿನ ಸ್ವತ್ತೂ ಅಲ್ಲ, ಎಲ್ಲಾ ಫೋನಲ್ಲೂ ಅದೇ ಇದೆ. ಹಾಗಾದ್ರೆ ಬೀಗ ಎಲ್ಲಿದೆ? ಸಾಫ್ಟ್‌ವೇರ್‌ನಲ್ಲಿ. ವಾಚ್‌ಗೆ ಬೇಕಾದ ಆ್ಯಪ್ ಯಾವ ಫೋನಿಗೆ ಕೊಡ್ಬೇಕು ಅಂತ ವಾಚ್ ಕಂಪನಿ ತೀರ್ಮಾನ ಮಾಡುತ್ತೆ. ಹೊರಗಿನ ವಾಚ್‌ಗೆ ಎಷ್ಟು ಬಾಗಿಲು ತೆಗೀಬೇಕು ಅಂತ ಫೋನ್ ಕಂಪನಿ ತೀರ್ಮಾನ ಮಾಡುತ್ತೆ.

ಉದಾಹರಣೆಗೆ, ಆ್ಯಪಲ್ 2013ರಲ್ಲಿ ಐಒಎಸ್ 7 ತಂದಾಗ ಬೇರೆ ಕಂಪನಿ ವಾಚ್‌ಗಳೂ ಐಫೋನಿನ ನೋಟಿಫಿಕೇಶನ್ ಓದೋ ದಾರಿ ಕೊಡ್ತು. ಆದ್ರೆ ಪೆಬಲ್‌ನಿಂದ ಐಮೆಸೇಜ್‌ಗೆ ತಿರುಗಿ ಉತ್ತರ ಕಳಿಸೋಕೆ ದಾರಿ ಇರಲಿಲ್ಲ. ನಮ್ಮ ಕ್ಲಾಸಲ್ಲಿ ಅರ್ಧ ಜನರ ಕೈಲಿರೋ ಸಾವಿರದೈನೂರು ರೂಪಾಯಿ ವಾಚ್ ಎರಡೂ ಥರದ ಫೋನಿಗೆ ಹೊಂದ್ಕೊಳ್ಳೋದೂ ಇದಕ್ಕೇ. ಅದು ಫೋನಿನಿಂದ ಕೇಳೋದೇ ಕಮ್ಮಿ.

4/6
ಬಾಗಿಲು ತೆರೆದಿದ್ದು, ಮುಚ್ಚಿದ್ದು, ಸಾಲಾಗಿ ನೋಡಿ:

👉 2013 ಸೆಪ್ಟೆಂಬರ್: ಸ್ಯಾಮ್‌ಸಂಗ್ ಗ್ಯಾಲಕ್ಸಿ ಗೇರ್. ಶುರುವಲ್ಲಿ ಗ್ಯಾಲಕ್ಸಿ ನೋಟ್ 3 ಥರ ತನ್ನದೇ ಹೊಸ ಸಾಧನಗಳಿಗೆ ಮಾತ್ರ.
👉 2015 ಏಪ್ರಿಲ್: ಆ್ಯಪಲ್ ವಾಚ್. ಐಫೋನ್ 5 ಅಥವಾ ಅದರ ನಂತರದ ಐಫೋನ್ ಇರಲೇಬೇಕು.
👉 2015 ಆಗಸ್ಟ್: ಗೂಗಲ್ ತನ್ನ ಆಂಡ್ರಾಯ್ಡ್ ವೇರ್ ವಾಚ್‌ಗಳನ್ನ ಐಫೋನಿಗೂ ತೆರೀತು.
👉 2017 ಜನವರಿ: ಸ್ಯಾಮ್‌ಸಂಗ್ ಕೂಡ ಗೇರ್ ಎಸ್2, ಎಸ್3 ವಾಚ್‌ಗಳಿಗೆ ಐಫೋನ್ ಆ್ಯಪ್ ಕೊಡ್ತು.
👉 2021 ಆಗಸ್ಟ್: ಗ್ಯಾಲಕ್ಸಿ ವಾಚ್ 4 ಬಂತು. ಐಫೋನ್ ಸಪೋರ್ಟ್ ಹೋಯ್ತು.
👉 2022 ಅಕ್ಟೋಬರ್: ಗೂಗಲ್‌ನ ಪಿಕ್ಸೆಲ್ ವಾಚ್. ಆಂಡ್ರಾಯ್ಡ್‌ಗೆ ಮಾತ್ರ.

2017ರಲ್ಲಿ ಆಗ್ತಿದ್ದದ್ದು 2021ರಲ್ಲಿ ಯಾಕೆ ಆಗಲ್ಲ? ಇನ್ನೊಂದು ಮಾತು. ಗ್ಯಾಲಕ್ಸಿ ವಾಚ್ ಬೇರೆ ಆಂಡ್ರಾಯ್ಡ್ ಫೋನಿಗೆ ಕನೆಕ್ಟ್ ಆಗುತ್ತೆ ನಿಜ, ಆದ್ರೆ ಅದರ ಇಸಿಜಿಗೆ ಬೇಕಾದ ಸ್ಯಾಮ್‌ಸಂಗ್‌ನ ಆ್ಯಪ್ ಇರೋದು ಗ್ಯಾಲಕ್ಸಿ ಫೋನಿಗೆ. ಅರ್ಧ ಬಾಗಿಲು!

5/6
ನ್ಯಾಯವಾಗಿ ಹೇಳ್ಬೇಕಂದ್ರೆ, ಮೊದಲ ಆ್ಯಪಲ್ ವಾಚ್‌ಗೆ ಐಫೋನ್ ನಿಜವಾಗ್ಲೂ ಬೇಕಿತ್ತು. ಬೇರೆಯವರು ಮಾಡಿದ ವಾಚ್ ಆ್ಯಪ್‌ಗಳ ಕೆಲಸ ಆಗ ನಡೀತಿದ್ದದ್ದೇ ಫೋನಿನೊಳಗೆ. ಆದ್ರೆ 2017ರಲ್ಲಿ ಸೀರೀಸ್ 3 ವಾಚ್‌ಗೆ ಸ್ವಂತ ಸೆಲ್ಯುಲಾರ್ ಬಂತು. 2020ರಲ್ಲಿ ಫೋನೇ ಇಲ್ಲದ ಮಕ್ಕಳ ಕೈಗೂ ವಾಚ್ ಕಟ್ಟೋ ಸೌಲಭ್ಯ ಬಂತು, ಸೆಟಪ್ ಮಾಡೋ ಅಪ್ಪ ಅಮ್ಮನ ಹತ್ರ ಮಾತ್ರ ಐಫೋನ್ ಇರಬೇಕು. ವಾಚ್ ತನ್ನ ಕಾಲ ಮೇಲೆ ನಿಲ್ಲೋದು ಕಲೀತು. ಬೀಗ ಹಂಗೇ ಉಳೀತು.

ನಾವು ಬಿಕಾಂನಲ್ಲಿ ಓದೋ 'ಸ್ವಿಚಿಂಗ್ ಕಾಸ್ಟ್' ಇದೇ. ಫೋನ್ ಬದಲಾಯಿಸಿದ್ರೆ ವಾಚೂ ಬಿಸಾಕ್ಬೇಕು ಅಂದ್ರೆ ನೀವು ಫೋನ್ ಬದಲಾಯಿಸೋಕೆ ನೂರು ಸಲ ಯೋಚಿಸ್ತೀರ. 2024ರ ಮಾರ್ಚ್‌ನಲ್ಲಿ ಅಮೆರಿಕದ ನ್ಯಾಯ ಇಲಾಖೆ ಆ್ಯಪಲ್ ಮೇಲೆ ಹಾಕಿದ ಏಕಸ್ವಾಮ್ಯದ ಕೇಸಿನಲ್ಲಿ ಸ್ಮಾರ್ಟ್‌ವಾಚ್ ಕೂಡ ಒಂದು ಆರೋಪ. ಆ್ಯಪಲ್ ಆರೋಪಗಳನ್ನ ಒಪ್ಪಿಲ್ಲ. ವಾಚನ್ನ ಆಂಡ್ರಾಯ್ಡ್‌ಗೆ ತರೋಕೆ 3 ವರ್ಷ ನೋಡಿದ್ವಿ, ತಾಂತ್ರಿಕ ಮಿತಿಗಳಿಂದ ಕೈಬಿಟ್ವಿ ಅನ್ನೋದು ಅವರ ವಾದ. 2025ರ ಮಾರ್ಚ್‌ನಲ್ಲಿ ಯುರೋಪಿಯನ್ ಕಮಿಷನ್, ಬೇರೆ ಕಂಪನಿ ವಾಚ್‌ಗಳಿಗೂ ಐಫೋನ್ ಹೆಚ್ಚು ತೆರೀಬೇಕು ಅಂತ ಆದೇಶ ಕೊಡ್ತು. ಆ್ಯಪಲ್ ಅದರ ವಿರುದ್ಧವೂ ಕೋರ್ಟಿಗೆ ಹೋಯ್ತು.

6/6
ಪೆಬಲ್ ಏನಾಯ್ತು? 2016ರ ಡಿಸೆಂಬರ್‌ನಲ್ಲಿ ಬಾಗಿಲು ಹಾಕ್ತು. ಅದರ ಸಾಫ್ಟ್‌ವೇರ್ ಫಿಟ್‌ಬಿಟ್ ಪಾಲಾಯ್ತು, ಫಿಟ್‌ಬಿಟ್ ಗೂಗಲ್ ಪಾಲಾಯ್ತು. ಹಳೇ ವಾಚ್‌ಗಳನ್ನ ಅಭಿಮಾನಿಗಳೇ ಸೇರಿ ವರ್ಷಗಟ್ಟಲೆ ನಡೆಸ್ಕೊಂಡು ಬಂದ್ರು. 2025ರ ಜನವರಿಯಲ್ಲಿ ಗೂಗಲ್ ಆ ಸಾಫ್ಟ್‌ವೇರನ್ನ ಎಲ್ಲರಿಗೂ ಮುಕ್ತವಾಗಿ ಬಿಟ್ಟುಕೊಡ್ತು, ಮಿಗಿಕೋವ್‌ಸ್ಕಿ ಮತ್ತೆ ವಾಚ್ ಮಾಡೋಕೆ ಹೊರಟ್ರು. ಈ ಸಲವೂ ಎರಡೂ ಥರದ ಫೋನಿಗೆ. ಐಫೋನ್ ಜೊತೆ ಎಲ್ಲಾ ಕೆಲಸ ಆಗಲ್ಲ ಅಂತ ಮೊದಲೇ ಹೇಳಿಬಿಟ್ಟಿದ್ದಾರೆ.

ಅಣ್ಣನ ವಾಚ್ ಮತ್ತೆ ಡಬ್ಬಕ್ಕೆ ಹೋಗಿದೆ. ಕೆಟ್ಟಿಲ್ಲ, ಯಾರಾದ್ರೂ ಸರಿಯಾದ ಫೋನಿರೋರು ಸಿಕ್ರೆ ಕೊಡ್ತೀನಿ. ನೀವು ವಾಚ್ ತಗೊಳ್ಳೋಕೆ ಮುಂಚೆ ಎರಡು ಪ್ರಶ್ನೆ ಕೇಳಿ: ನನ್ನ ಫೋನಲ್ಲಿ ಇದರ ಎಲ್ಲಾ ಫೀಚರ್ ನಡೆಯುತ್ತಾ? ಎರಡು ವರ್ಷ ಬಿಟ್ಟು ಬೇರೆ ಫೋನ್ ತಗೊಂಡ್ರೆ ಈ ವಾಚ್ ಏನಾಗುತ್ತೆ? ಎರಡನೇ ಪ್ರಶ್ನೆ ನಮ್ಮಣ್ಣ ಕೇಳಿರಲಿಲ್ಲ, ನಾನೂ ಕೇಳ್ತಿರಲಿಲ್ಲ.

ನಿಮ್ಮನೇಲೂ ಹೀಗೆ ಡಬ್ಬದಲ್ಲಿ ಕೂತಿರೋ ವಾಚ್ ಇದ್ಯಾ? ಕಾಮೆಂಟಲ್ಲಿ ಹೇಳಿ.

#ವಾಚ್‌ಕಥೆ #ಟೆಕ್‌ಇತಿಹಾಸ #ಬಿಕಾಂಬದುಕು #ಕನ್ನಡದಲ್ಲಿಓದಿ