ಚಾವಡಿಯ ಅತಿಥಿ, ಉಪ್ಪರಿಗೆಯ ಗಿರಾಕಿ

ಹಳೆಯ ಮನೆಗಳನ್ನು ಬೊಟಿಕ್ ಹೋಟೆಲ್ ಮಾಡುವ ಗಾಳಿ ಈಗ ತುಳುನಾಡಿಗೂ ಬೀಸಿದೆ. ಏಳೆಂಟು ಕೋಣೆ, ಕೆಂಪು ನೆಲ, ಹಲಸಿನ ಮರದ ಕಂಬಗಳು, ನಡುವೆ ಅಂಗಳ, ಬೆಳಿಗ್ಗೆ ನೀರುದೋಸೆ. ಉಜಿರೆಯಿಂದ ಬೆಳ್ತಂಗಡಿ, ಗುರುವಾಯನಕೆರೆ, ವೇಣೂರು ದಾಟಿ ಮೂಡುಬಿದಿರೆಗೆ ಹೋಗುವ ದಾರಿಯಲ್ಲಿ ಅಂಥದೊಂದು ಮನೆಯಲ್ಲಿ ನಾನು ಎರಡು ರಾತ್ರಿ ಉಳಿದೆ. ಹಿಂದೆ ಅದು ಗುತ್ತಿನ ಮನೆ. ನನಗೆ ಕೊಟ್ಟದ್ದು ಉಪ್ಪರಿಗೆಯ ಕೋಣೆ. ಮೇಜಿನ ಮೇಲೆ ಒಂದು ಕಾರ್ಡು ಇತ್ತು: ಈ ಮನೆಯ ಹಿರಿಯರು ಅತಿಥಿಗಳನ್ನು ಹೇಗೆ ಉಪಚರಿಸುತ್ತಿದ್ದರೋ ಹಾಗೆಯೇ ನಿಮ್ಮನ್ನೂ ಉಪಚರಿಸುತ್ತೇವೆ ಎಂಬರ್ಥದ ಬರಹ.

ಮಾತು ಚೆನ್ನಾಗಿದೆ. ಆದರೆ ಹಿರಿಯರು ಹೇಗೆ ಉಪಚರಿಸುತ್ತಿದ್ದರು ಎಂಬುದಕ್ಕೆ ಕಣ್ಣಾರೆ ಕಂಡವನ ಬರಹವೇ ನಮ್ಮಲ್ಲಿದೆ. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ಇಕ್ಕೇರಿಯನ್ನು ನೋಡಿಕೊಂಡು ಘಟ್ಟ ಇಳಿದು ಮಂಗಳೂರಿಗೆ ಬಂದ. ಉಳ್ಳಾಲದ ಚೌಟ ರಾಣಿಯನ್ನು ಕಾಣಲೇಬೇಕೆಂದು ಮಣೇಲಿಗೆ ಹೋದ. ರಾಣಿ ಸಿಕ್ಕಿದ್ದು ಅರಮನೆಯಲ್ಲಲ್ಲ, ದಾರಿಯಲ್ಲಿ. ಬರಿಗಾಲಲ್ಲಿ, ಸಾದಾ ಬಟ್ಟೆಯಲ್ಲಿ, ನೀರಿನ ಕಾಲುವೆಯ ಕೆಲಸ ನೋಡಲು ಹೊರಟಿದ್ದಳು. ನೋಟಕ್ಕೆ ಅಡುಗೆಯವಳಂತೆ, ಮಾತಿಗೆ ನಿಂತರೆ ರಾಣಿಯೇ ಎಂಬುದು ಅವನ ವರ್ಣನೆಯ ಸಾರ. ಆಕೆಯ ಮಗ ಅವನನ್ನು ಊಟಕ್ಕೆ ಕರೆದ. ಎಲೆಯ ಮೇಲೆ ಅನ್ನ, ಬಗೆಬಗೆಯ ಪದಾರ್ಥ. ಆದರೆ ಉಂಡದ್ದು ಅತಿಥಿ ಒಬ್ಬನೇ. ಅರಸು ಮಗ ಎದುರಿಗೆ ಕೂತು ಮಾತಾಡಿದ, ಜೊತೆಗೆ ಉಣ್ಣಲಿಲ್ಲ. ಆದರಕ್ಕೇನೂ ಕೊರತೆಯಿರಲಿಲ್ಲ, ಮಡಿಗೂ ಇರಲಿಲ್ಲ.

ಗುತ್ತಿನ ಮನೆಗಳ ರಚನೆಯೇ ಈ ಲೆಕ್ಕಾಚಾರದ ಮೇಲೆ ನಿಂತಿದೆ. ಅಂಗಳ, ಜಗಲಿ, ಚಾವಡಿ, ಒಳಮನೆ: ಯಾರು ಎಲ್ಲಿಯವರೆಗೆ ಬರಬಹುದು ಎಂಬುದು ಹೊಸಿಲು ಹೊಸಿಲಿಗೂ ತೀರ್ಮಾನವಾಗಿತ್ತು. ದೂರದಿಂದ ಬಂದ ಸಮಾನಸ್ಕಂಧರಿಗೆ ಚಾವಡಿಯಲ್ಲಿ ಚಾಪೆ, ಕುಡಿಯಲು ಬೆಲ್ಲ ನೀರು. ಉಪ್ಪರಿಗೆ ಹತ್ತುವುದು ನೆಂಟರಿಗೂ ಸುಲಭವಿರಲಿಲ್ಲ. ಕೆಲವರಿಗೆ ಅಂಗಳದ ಅಂಚೇ ಕೊನೆ. (ಪ್ರಾಚೀನ ಎಂದು ತೋರಿಸುವ ಹಂಚಿನ ಮಾಡು ಕೂಡ ಅಷ್ಟೇನೂ ಪ್ರಾಚೀನವಲ್ಲ. ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಕೆಂಪು ಸಿಮೆಂಟು ಇನ್ನೂ ಈಚಿನದು. ಅದಕ್ಕೆ ಮೊದಲಿದ್ದ ಸೆಗಣಿ ಸಾರಿಸಿದ ನೆಲವನ್ನು ದೆಲ್ಲಾ ವಾಲೆ ಬಹಳ ಮೆಚ್ಚಿಕೊಂಡಿದ್ದ.)

ಇದಕ್ಕೆ ಎದುರಾದ ಒಂದು ಕತೆ ಉಜಿರೆಯ ಪಕ್ಕದಲ್ಲೇ ಇದೆ. ಧರ್ಮಸ್ಥಳದ ಐತಿಹ್ಯದಲ್ಲಿ ಬಿರ್ಮಣ್ಣ ಪೆರ್ಗಡೆ, ಅಮ್ಮು ಬಲ್ಲಾಳ್ತಿ ದಂಪತಿಯ ನೆಲ್ಯಾಡಿ ಬೀಡಿಗೆ ಅಪರಿಚಿತರು ಬರುತ್ತಾರೆ, ಸತ್ಕಾರ ಪಡೆಯುತ್ತಾರೆ. ಅವರು ಧರ್ಮದೈವಗಳು. ಆಮೇಲೆ ಕನಸಿನಲ್ಲಿ ಬಂದು, ಈ ಮನೆಯನ್ನು ನಮಗೆ ಬಿಟ್ಟುಕೊಡಿ ಎನ್ನುತ್ತಾರೆ. ಪೆರ್ಗಡೆಯವರು ಬಿಟ್ಟುಕೊಟ್ಟು ಬೇರೆ ಮನೆ ಕಟ್ಟಿಕೊಳ್ಳುತ್ತಾರೆ. ಅತಿಥಿ ಒಳಗೆ ಬಂದು ಯಜಮಾನ ಹೊರಗೆ ಹೋದ ಕತೆ ಇದು. ಆದರೆ ಹಾಗೆ ಬರಲು ದೈವವೇ ಆಗಬೇಕಿತ್ತು.

ಮನುಷ್ಯರ ಮಟ್ಟದಲ್ಲಿ ಬದಲಾವಣೆ ತಂದದ್ದು ಕಾನೂನು. 1949ರ ಮದರಾಸು ಅಳಿಯಸಂತಾನ ಕಾಯಿದೆಯಿಂದ ಕೂಡುಕುಟುಂಬದ ಆಸ್ತಿ ಪಾಲಾಗತೊಡಗಿತು. ದೇವರಾಜ ಅರಸರ ಕಾಲದ ಭೂಸುಧಾರಣೆಯಲ್ಲಿ 1974ರ ಮಾರ್ಚ್ 1ರಿಂದ ಗೇಣಿ ಭೂಮಿ ಸರಕಾರಕ್ಕೆ ಸೇರಿ, ಉಳುವವರು ಅರ್ಜಿ ಹಾಕಿ ಪಡೆಯುವಂತಾಯಿತು. ನಮ್ಮೂರಲ್ಲಿ ಅದಕ್ಕೆ ಇಂದಿಗೂ ‘ಡಿಕ್ಲರೇಶನ್ ಹಾಕಿದ್ದು’ ಎಂದೇ ಹೆಸರು. ನನ್ನ ಅಜ್ಜನೂ ಹಾಕಿದ್ದ. ಅವನು ಚಾಲಗೇಣಿಯ ಒಕ್ಕಲು. ವರ್ಷಕ್ಕೊಮ್ಮೆ ಧಣಿಯ ಮನೆಗೆ ಮುಡಿ ಅಕ್ಕಿ ಹೊತ್ತು ಅಂಗಳದಲ್ಲಿ ಇಳಿಸುತ್ತಿದ್ದ. ಒಂದು ಮುಡಿಗೆ ಮೂರು ಕಳಸೆ, ಅಂದರೆ ನಲವತ್ತೆರಡು ಸೇರು. ಅಳತೆ ಮುಗಿಯುವವರೆಗೆ ನಿಂತೇ ಇರಬೇಕು. ಮನೆಯೊಳಗೆ ಎಷ್ಟು ಕಂಬಗಳಿದ್ದವು ಎಂದು ಕೇಳಿದರೆ, ‘ಹೊರಗಿನವು ನಾಲ್ಕು’ ಎನ್ನುತ್ತಿದ್ದ.

ಅಕ್ಕಿ ಬರುವುದು ನಿಂತ ಮೇಲೆ ಅಷ್ಟು ದೊಡ್ಡ ಮಾಡಿನ ಹಂಚು ಕೈಯಾಡಿಸಲೂ ಮನೆತನಗಳಿಗೆ ಕಷ್ಟವಾಯಿತು. ಮಕ್ಕಳು ಬೊಂಬಾಯಿಗೆ ಹೋದರು. ಕಂಬ, ಬಾಗಿಲು, ಮುಚ್ಚಿಗೆಗಳು ಹಳೆ ಸಾಮಾನಿನ ವ್ಯಾಪಾರಿಗಳ ಲಾರಿ ಹತ್ತಿದವು. ಹಾಗೆ ಚೆದುರುವುದನ್ನು ತಡೆಯಲು ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಹಳೆಯ ಮನೆಗಳನ್ನು ಬಿಚ್ಚಿ ತಂದು ಮತ್ತೆ ಕಟ್ಟಿ ಹಸ್ತಶಿಲ್ಪ ಪರಂಪರೆಯ ಹಳ್ಳಿಯನ್ನು ಮಾಡಿದರು. ಅಲ್ಲಿ ನೋಡಬಹುದು, ಮಲಗುವಂತಿಲ್ಲ. ಹೋಟೆಲಿನಲ್ಲಿ ಮಲಗಬಹುದು. ಮೈಸೂರಿನಲ್ಲಿ ವೈಸ್‌ರಾಯ್ ಮತ್ತು ಐರೋಪ್ಯ ಅತಿಥಿಗಳಿಗೆಂದೇ 1921ರಲ್ಲಿ ಶಂಕುಸ್ಥಾಪನೆಯಾದ ಲಲಿತಮಹಲ್ ಹೋಟೆಲಾದದ್ದೂ 1974ರಲ್ಲೇ. ಕಾಕತಾಳೀಯ ಇರಬಹುದು, ನನಗಂತೂ ಇಷ್ಟದ ಕಾಕತಾಳೀಯ.

ಪರಂಪರೆಯನ್ನು ಮಾರುತ್ತಿದ್ದಾರೆ ಎಂದು ಇಂಥ ಹೋಟೆಲುಗಳನ್ನು ಬೈಯುವ ಗೆಳೆಯರಿದ್ದಾರೆ. ಅವರ ಕೋಪ ನನಗೆ ಅರ್ಧ ಮಾತ್ರ ಅರ್ಥವಾಗುತ್ತದೆ. ಅಜ್ಜ ಎಣಿಸಲಾಗದ ಒಳಗಿನ ಕಂಬಗಳನ್ನು ನಾನು ಎಣಿಸಿದೆ, ಹನ್ನೆರಡಿವೆ. ಹಾಗೆಂದು ಬಾಗಿಲು ಎಲ್ಲರಿಗೂ ತೆರೆಯಿತು ಎನ್ನುವ ಹಾಗೂ ಇಲ್ಲ. ಒಂದು ರಾತ್ರಿಯ ಬಾಡಿಗೆ, ಅಂಗಳ ಗುಡಿಸುತ್ತಿದ್ದ ಹೆಂಗಸಿನ ಹಲವು ದಿನಗಳ ಸಂಬಳ. ಜಾತಿ ಕಾಯುತ್ತಿದ್ದ ಹೊಸಿಲನ್ನು ಈಗ ದುಡ್ಡು ಕಾಯುತ್ತಿದೆ. ಹೋಟೆಲಿನವರು ಆ ಕಾರ್ಡಿನಲ್ಲಿ ಗೇಣಿಯ ಅಳತೆಯ ಬಗ್ಗೆಯೂ ಎರಡು ಸಾಲು ಬರೆಯಬಹುದಿತ್ತು. ಮನೆ ಕಟ್ಟಿದ್ದು ಆ ಅಕ್ಕಿ ತಾನೇ.

ಮೂಡುಬಿದಿರೆಯಲ್ಲಿ ಯಾತ್ರಿಕರು ಮೊದಲು ಹೋಗುವುದು 1430ರ ಸಾವಿರ ಕಂಬದ ಬಸದಿಗೆ. ನಾನು ಮೊದಲು ಹೋದದ್ದು ಚೌಟರ ಅರಮನೆಗೆ. ದೆಲ್ಲಾ ವಾಲೆ ಕಂಡ ರಾಣಿಯ ಮನೆತನ ಕೊನೆಗೆ ನೆಲೆನಿಂತದ್ದು ಇಲ್ಲಿ. ಅದು ಹೋಟೆಲಾಗಿಲ್ಲ, ವಸ್ತುಸಂಗ್ರಹಾಲಯವೂ ಆಗಿಲ್ಲ. ಮನೆತನದವರು ಈಗಲೂ ಅಲ್ಲಿ ವಾಸವಾಗಿದ್ದಾರೆ. ಚಾವಡಿಯ ಮರದ ಕಂಬಗಳಲ್ಲಿ ಒಂಬತ್ತು ಹೆಂಗಸರು ಸೇರಿ ಆನೆಯಾದ ನವನಾರೀಕುಂಜರ, ಐವರು ಸೇರಿ ಕುದುರೆಯಾದ ಪಂಚನಾರೀತುರಗ ಇವೆ. ಹತ್ತಿರ ಹೋಗಿ, ಯಾವ ಕಾಲು ಯಾರದು ಎಂದು ಹುಡುಕುತ್ತ ಬಹಳ ಹೊತ್ತು ನಿಂತೆ. ಒಳಗಿನಿಂದ ಸಾರು ಕುದಿಯುವ ಪರಿಮಳ ಬರುತ್ತಿತ್ತು.